ಮನೆಯ ರಕ್ಷಣೆಗೆ ಯಾವ ಪಿಸ್ತೂಲು, ಯಾವ ಗುಂಡು?

ಪ್ರಶ್ನೆ: ನಾವು ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ನನಗೂ ನನ್ನ ಹೆಂಡತಿಗೂ ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಎರಡಂತಸ್ತಿನ ಮನೆ, 6 ಮತ್ತು 11 ವರ್ಷದ ಇಬ್ಬರು ಮಕ್ಕಳು. ನಮ್ಮ ಬೀದಿಯಲ್ಲಿ ಎರಡು ಮನೆಗಳಿಗೆ ಕಳ್ಳರು ನುಗ್ಗಿದ ಮೇಲೆ ಮನೆಯಲ್ಲೊಂದು ಪಿಸ್ತೂಲು ಇರಲಿ ಅನಿಸುತ್ತಿದೆ. ಅಂಗಡಿಯವರು ದಪ್ಪ ಗುಂಡಿನ .45 ತಗೊಳ್ಳಿ, ಒಂದೇ ಗುಂಡು ಸಾಕು ಅನ್ನುತ್ತಾರೆ. ಆಫೀಸಿನ ಗೆಳೆಯರೊಬ್ಬರು ಹೆಂಗಸರಿಗೆ ಚಿಕ್ಕ ರಿವಾಲ್ವರೇ ಸುಲಭ ಅನ್ನುತ್ತಾರೆ. ಇಬ್ಬರಿಗೂ ಬಳಸಲು ಬರುವಂಥದ್ದು ಬೇಕು. ಗೋಡೆ ದಾಟದ ಗುಂಡು ಸಿಗುತ್ತದೆಯೇ? ಚಳಿಗಾಲಕ್ಕೆ ಮೈಸೂರಿನಿಂದ ಅಪ್ಪ ಅಮ್ಮನೂ ಬರುತ್ತಾರೆ.

ಉತ್ತರ: .45 ಮತ್ತು ಚಿಕ್ಕ ರಿವಾಲ್ವರ್, ಎರಡು ಸಲಹೆಯನ್ನೂ ಬದಿಗಿಡಿ. ನಿಮ್ಮಿಬ್ಬರಲ್ಲಿ ಯಾರ ಕೈ ಚಿಕ್ಕದೋ ಅವರ ಹಿಡಿತಕ್ಕೆ ಕೂರುವ, ಮಧ್ಯಮ ಅಥವಾ ಪೂರ್ಣ ಗಾತ್ರದ 9 ಎಂಎಂ ಪಿಸ್ತೂಲು ಆರಿಸಿ. ಅದಕ್ಕೆ 124 ಅಥವಾ 147 ಗ್ರೇನ್ ತೂಕದ, ಹೆಸರಾಂತ ತಯಾರಕರ ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿಯಿದ್ದು, ತಗುಲಿದಾಗ ಅರಳುವ ಗುಂಡಿನ) ಕಾಡತೂಸು ಇರಲಿ. ಪಿಸ್ತೂಲು ಮನೆಗೆ ಬರುವ ಮುಂಚೆಯೇ ಅದನ್ನು ಇಡುವ ಪೆಟ್ಟಿಗೆ ಗೋಡೆಗೋ ಮರದ ಕಪಾಟಿಗೋ ಬೋಲ್ಟ್ ಆಗಿರಲಿ. ಗೋಡೆ ದಾಟದ, ಆದರೂ ಕೆಲಸಕ್ಕೆ ಬರುವ ಗುಂಡು ಯಾವುದೂ ಇಲ್ಲ.

ಮೊದಲು ಕಾನೂನು, ಏಕೆಂದರೆ ನಮ್ಮವರು ಎಡವುವುದು ಇಲ್ಲೇ ಹೆಚ್ಚು. ಎಚ್-1ಬಿ, ಎಚ್-4, ಎಫ್-1, ಬಿ-2 ಮುಂತಾದ ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕು, ಪಿಸ್ತೂಲು, ಕಾಡತೂಸು ಯಾವುದನ್ನೂ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದು ಫೆಡರಲ್ ಕಾನೂನು, ಟೆಕ್ಸಸ್ ಎಷ್ಟೇ ಸಡಿಲವಾಗಿದ್ದರೂ ಬದಲಾಗುವುದಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವುದೂ ಸೇರಿದಂತೆ ಕೆಲವೇ ವಿನಾಯಿತಿಗಳಿವೆ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಪಿಸ್ತೂಲು ಹಿಡಿದು ಹತ್ತು ಗುಂಡು ಹೊಡೆಯುವುದೂ ವಶದಲ್ಲಿಟ್ಟುಕೊಂಡ ಹಾಗೆಯೇ. ನಿಮಗಿಬ್ಬರಿಗೂ ಗ್ರೀನ್ ಕಾರ್ಡ್ ಇರುವುದರಿಂದ ಕೊಳ್ಳಲು ಈ ಅಡ್ಡಿಯಿಲ್ಲ. ಆದರೆ ನಿಮ್ಮ ಅಪ್ಪ ಅಮ್ಮ ಬರುವುದು ಬಿ-2 (ಪ್ರವಾಸಿ) ವೀಸಾದಲ್ಲಿ. ಅವರಿಗೆ ಪೆಟ್ಟಿಗೆಯ ಸಂಖ್ಯೆ ತಿಳಿದಿದ್ದರೆ, ಬೀಗದ ಕೈ ಅವರ ಕೋಣೆಯಲ್ಲಿದ್ದರೆ, ಪಿಸ್ತೂಲು ಅವರ ವಶದಲ್ಲೂ ಇದೆ ಎಂದು ವಾದಿಸಲು ಅವಕಾಶ ಸಿಗುತ್ತದೆ. ಓದಲು ಬಂದ ಅಕ್ಕನ ಮಗ ನಿಮ್ಮ ಮನೆಯಲ್ಲಿ ಉಳಿದುಕೊಂಡರೂ ಇದೇ ಮಾತು. ಸಂಖ್ಯೆ ನಿಮ್ಮಿಬ್ಬರಲ್ಲೇ ಇರಲಿ.

ಪರವಾನಗಿ ಪಡೆದ ಅಂಗಡಿಯಲ್ಲಿ 4473 ಎಂಬ ನಮೂನೆ ತುಂಬಿಸುತ್ತಾರೆ. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ತುಂಬಿರಬೇಕು, ನಿಮ್ಮ ವಾಸದ ರಾಜ್ಯದಲ್ಲೇ ಕೊಳ್ಳಬೇಕು, ಗುರುತಿನ ಚೀಟಿಯಲ್ಲಿ ಈಗಿನ ವಿಳಾಸವೇ ಇರಬೇಕು. ಗ್ರೀನ್ ಕಾರ್ಡಿನಲ್ಲಿರುವ ಏಲಿಯನ್ ನಂಬರ್ ಬರೆಯಬೇಕಾಗುತ್ತದೆ, ಕಾರ್ಡ್ ಜೊತೆಗಿರಲಿ. ಅಮೆರಿಕದ ಪೌರರೇ ಎಂಬ ಚೌಕಕ್ಕೆ ಅವಸರದಲ್ಲಿ ಗುರುತು ಹಾಕಿಬಿಟ್ಟರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರಬಹುದು. ಸುಳ್ಳು ಪೌರತ್ವ ಹೇಳಿಕೊಳ್ಳುವುದನ್ನು ವಲಸೆ ಕಾನೂನು ತೀರಾ ಗಂಭೀರವಾಗಿ ನೋಡುತ್ತದೆ. ಇನ್ನೊಬ್ಬರ ಹಣದಲ್ಲಿ, ಇನ್ನೊಬ್ಬರಿಗಾಗಿ, ನಿಮ್ಮ ಹೆಸರಲ್ಲಿ ಕೊಂಡುಕೊಡುವುದು ಅಪರಾಧ. 2022ರ ಕಾನೂನಿನ ಪ್ರಕಾರ ಅದಕ್ಕೆ 15 ವರ್ಷದವರೆಗೆ ಶಿಕ್ಷೆ ಇದೆ. ವೀಸಾದಲ್ಲಿರುವ ಗೆಳೆಯರು ಕೇಳಿದರೆ ದಾಕ್ಷಿಣ್ಯಕ್ಕೆ ಒಪ್ಪಿಕೊಳ್ಳಬೇಡಿ. ಆಯುಧ ಸಂಬಂಧದ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು.

ಇದನ್ನು ಓದುತ್ತಿರುವ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರಿಗೆ ಒಂದು ಮಾತು. ನಿಮ್ಮ ನಿಯಮಗಳೇ ಬೇರೆ. ನ್ಯೂಜೆರ್ಸಿಯಲ್ಲಿ ಪಿಸ್ತೂಲು ಕೊಳ್ಳಲು ಪ್ರತ್ಯೇಕ ಅನುಮತಿ ಬೇಕು, ಮ್ಯಾಗಜಿನ್‌ನಲ್ಲಿ (ಗುಂಡು ತುಂಬುವ, ತೆಗೆದು ಹಾಕಬಹುದಾದ ಡಬ್ಬಿ) 10 ಗುಂಡಿಗಿಂತ ಹೆಚ್ಚು ಹಿಡಿಸುವಂತಿಲ್ಲ, ಹಾಲೋ ಪಾಯಿಂಟ್ ಗುಂಡನ್ನು ಮನೆಯಲ್ಲಿ ಇಡಬಹುದಾದರೂ ಹೊರಗೆ ಒಯ್ಯುವುದಕ್ಕೆ ಕಟ್ಟುಪಾಡುಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಪಿಸ್ತೂಲು ರಾಜ್ಯದ ಪಟ್ಟಿಯಲ್ಲಿರಬೇಕು, ಕೊಂಡಮೇಲೂ 10 ದಿನ ಕಾಯಬೇಕು.

ಈಗ ಪಿಸ್ತೂಲಿಗೆ ಬರೋಣ.

ಕೈಯಲ್ಲಿ ಹಿಡಿಯುವ ಆಯುಧಗಳಲ್ಲಿ ಗುರಿ ಇಡಲು ಅತ್ಯಂತ ಕಷ್ಟವಾದದ್ದು ಪಿಸ್ತೂಲು. ಹೆಗಲಿಗೆ ಒರಗಿಸುವ ಬಂದೂಕಿಗೆ ಎರಡು ಕೈ, ಹೆಗಲು, ಕೆನ್ನೆ ಎಲ್ಲದರ ಆಸರೆ ಇದೆ. ಪಿಸ್ತೂಲಿಗೆ ಇರುವುದು ಮುಂಗೈ ಮಾತ್ರ. ಆದರೂ ಮನೆಯೊಳಗೆ ಅದನ್ನೇ ಆರಿಸಿಕೊಳ್ಳಲು ಕಾರಣ ಇನ್ನೊಂದು ಕೈ. ಆ ಕೈ ಮಗುವಿನ ರಟ್ಟೆ ಹಿಡಿಯಬೇಕು, ಬಾಗಿಲು ತೆಗೆಯಬೇಕು, 911ಕ್ಕೆ ಫೋನ್ ಹಚ್ಚಬೇಕು. ಪುಟ್ಟ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಲೂ ಆಗುತ್ತದೆ.

ಚಿಕ್ಕ ಪಿಸ್ತೂಲು ಸುಲಭ ಎಂಬ ನಂಬಿಕೆ ತಲೆಕೆಳಗಾದದ್ದು. ಸುಮಾರು 425 ಗ್ರಾಂ ತೂಗುವ, 5 ಗುಂಡು ಹಿಡಿಯುವ, ಎರಡು ಇಂಚಿಗೂ ಕಡಿಮೆ ನಳಿಕೆಯ .38 ಸ್ಪೆಷಲ್ ರಿವಾಲ್ವರ್ ನೋಡಿ. ಅದರ ಟ್ರಿಗರ್ ಎಳೆಯಲು ಸುಮಾರು ಐದು ಕೆಜಿ ಬಲ ಬೇಕು, ಅಂದರೆ ಆಯುಧದ ತೂಕದ ಹತ್ತು ಪಟ್ಟಿಗೂ ಹೆಚ್ಚು. ಬೆರಳು ಎಳೆಯುವಷ್ಟರಲ್ಲಿ ಮೂತಿ ಅತ್ತಿತ್ತ ಓಲಾಡುತ್ತದೆ. ತೂಕ ಕಡಿಮೆಯಾದಷ್ಟೂ ಹಿಂದೊದೆತ ಅಂಗೈಗೆ ಬಡಿಯುತ್ತದೆ, ಎರಡನೇ ಸಲಕ್ಕೆ ಹೊಸಬರು ಕಣ್ಣು ಮುಚ್ಚಿಬಿಡುತ್ತಾರೆ. ಗಿಡ್ಡ ನಳಿಕೆಯಲ್ಲಿ ವೇಗ ಸಾಲದೆ ಹಾಲೋ ಪಾಯಿಂಟ್ ಗುಂಡು ಅರಳದೆಯೇ ಉಳಿಯುವುದೂ ಉಂಟು. ಇದು ಪಳಗಿದವರು ಸೊಂಟದಲ್ಲಿ ಮರೆಮಾಡಿ ಒಯ್ಯುವ ಆಯುಧ. ಮನೆಯಲ್ಲಿ ಮರೆಮಾಡುವ ಅಗತ್ಯವೇ ಇಲ್ಲದಿರುವಾಗ ಗಾತ್ರವನ್ನು ಏಕೆ ಬಿಟ್ಟುಕೊಡಬೇಕು? ಕೈಯಲ್ಲಿ ಸಂಧಿವಾತವಿದ್ದು ಸ್ಲೈಡ್ (ಪಿಸ್ತೂಲಿನ ಮೇಲಿನ, ಹಿಂದಕ್ಕೆ ಸರಿಯುವ ಭಾಗ) ಎಳೆಯಲು ಆಗದವರಿಗೆ ರಿವಾಲ್ವರ್ ಬೇಕೇಬೇಕು ಎಂದಾದರೆ, 4 ಇಂಚಿನ ನಳಿಕೆಯ, ಕೆಜಿಗೂ ಮೇಲೆ ತೂಗುವ ರೂಗರ್ ಜಿಪಿ100 ಅಥವಾ ಸ್ಮಿತ್ ಆಂಡ್ ವೆಸನ್ 686 ತೆಗೆದುಕೊಂಡು ಅದರಲ್ಲಿ .357 ಮ್ಯಾಗ್ನಮ್ ಬದಲು ಮೆದುವಾದ .38 ಸ್ಪೆಷಲ್ ಗುಂಡು ಹಾಕಬಹುದು. ಆದರೂ ಸ್ಲೈಡ್‌ನ ಕಷ್ಟ ತಪ್ಪಿಸಲು ಹೋಗಿ ಟ್ರಿಗರ್‌ನ ಕಷ್ಟ ತಂದುಕೊಂಡಂತಾಗುತ್ತದೆ.

ನೋಡಬೇಕಾದ ಮಾದರಿಗಳು ಹಲವಿವೆ. ಗ್ಲಾಕ್ 19ಕ್ಕೆ 102 ಮಿಮೀ ನಳಿಕೆ, 15 ಗುಂಡು. ಗ್ಲಾಕ್ 17 ಸ್ವಲ್ಪ ಉದ್ದ, 17 ಗುಂಡು. ಸ್ಮಿತ್ ಆಂಡ್ ವೆಸನ್ ಎಂ&ಪಿ 9 ಎಂ2.0, ವಾಲ್ಥರ್ ಪಿಡಿಪಿ, ಸಿಜೆಡ್ ಪಿ-10 ಸಿ ಇವೂ ಒಳ್ಳೆಯವು. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ, ನಿಮ್ಮ ಮನೆಗೆ ಅದರಿಂದ ಲಾಭವೂ ಇಲ್ಲ. ಕೈಗೆ ಕೂರುತ್ತದೆಯೇ ಎಂಬುದೊಂದೇ ಪ್ರಶ್ನೆ. ಅದನ್ನು ಹೀಗೆ ನೋಡಿ: ಖಾಲಿ ಎಂದು ಖಚಿತಪಡಿಸಿಕೊಂಡ ಪಿಸ್ತೂಲನ್ನು, ನಳಿಕೆ ಮುಂಗೈ ಮೂಳೆಯ ನೇರಕ್ಕೆ ಬರುವಂತೆ ಹಿಡಿಯಿರಿ. ಆಗ ತೋರುಬೆರಳಿನ ತುದಿಯ ಗಂಟಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಸರಿಯಾಗಿ ಕೂರಬೇಕು. ಬೆರಳ ತುದಿ ಮಾತ್ರ ತಾಗಿದರೆ ಹಿಡಿ ದೊಡ್ಡದಾಯಿತು; ಎಳೆದಾಗ ಪಿಸ್ತೂಲು ಪಕ್ಕಕ್ಕೆ ತಿರುಗಿ ಗುಂಡು ಗುರಿಯಿಂದ ಆಚೀಚೆ ಬೀಳುತ್ತದೆ. ಹೊಸ ಮಾದರಿಗಳಲ್ಲಿ ಹಿಡಿಯ ಹಿಂಭಾಗದ ಪಟ್ಟಿಯನ್ನು ಸಣ್ಣದು, ಮಧ್ಯಮ, ದೊಡ್ಡದು ಎಂದು ಬದಲಿಸಬಹುದು. ಪೆಟ್ಟಿಗೆಯಲ್ಲೇ ಬರುವ ಈ ಪಟ್ಟಿಗಳನ್ನು ಎಷ್ಟೋ ಜನ ಮುಟ್ಟಿಯೂ ನೋಡುವುದಿಲ್ಲ. ಎರಡು ಕೈ ಬಳಸುವ ಮನೆಯಲ್ಲಿ ಚಿಕ್ಕ ಕೈಗೆ ಹೊಂದಿಸಿ. ದೊಡ್ಡ ಕೈ ಸಣ್ಣ ಹಿಡಿಗೆ ಒಗ್ಗಿಕೊಳ್ಳುತ್ತದೆ, ಚಿಕ್ಕ ಕೈ ದೊಡ್ಡ ಹಿಡಿಗೆ ಒಗ್ಗುವುದಿಲ್ಲ.

ಸ್ಲೈಡ್ ಎಳೆಯಲಾಗುವುದಿಲ್ಲ ಎಂದು ಅಂಗಡಿಯಲ್ಲಿ ಹೆಂಗಸರು ಹಿಂದೆ ಸರಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಶಕ್ತಿಯಲ್ಲ, ವಿಧಾನ. ಹೆಬ್ಬೆರಳು ತೋರುಬೆರಳುಗಳಲ್ಲಿ ಚಿವುಟಿ ಹಿಡಿದು ಎಳೆದರೆ ಯಾರಿಗೂ ಕಷ್ಟವೇ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ಮೂತಿ ಸುರಕ್ಷಿತ ದಿಕ್ಕಿಗಿಟ್ಟು, ಬೆರಳು ಟ್ರಿಗರ್‌ನಿಂದ ಹೊರಗಿಟ್ಟು, ಸ್ಲೈಡ್‌ನ ಹಿಂಭಾಗವನ್ನು ಇಡೀ ಅಂಗೈಯಿಂದ ಮೇಲಿನಿಂದ ಹಿಡಿಯಬೇಕು. ನಂತರ ಸ್ಲೈಡನ್ನು ಎಳೆಯುವುದಕ್ಕಿಂತ, ಹಿಡಿ ಇರುವ ಕೈಯನ್ನು ಮುಂದಕ್ಕೆ ನೂಕಬೇಕು. ಕೊನೆಗೆ ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಕ್ಕೆ ಬಿಡಬಾರದು, ಪೂರ್ತಿ ಬಿಟ್ಟುಬಿಡಬೇಕು. ಇಲ್ಲವಾದರೆ ಗುಂಡು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಇಷ್ಟಾದರೂ ಆಗದಿದ್ದರೆ ಮೃದು ಸ್ಪ್ರಿಂಗಿನ ಸ್ಮಿತ್ ಆಂಡ್ ವೆಸನ್ ಶೀಲ್ಡ್ ಇಝೆಡ್ ಇದೆ, 8 ಗುಂಡು ಹಿಡಿಯುತ್ತದೆ. ಕೊಳ್ಳುವ ಮುಂಚೆ ಇಬ್ಬರೂ ರೇಂಜಿಗೆ ಹೋಗಿ ಮೂರು ನಾಲ್ಕು ಮಾದರಿಗಳನ್ನು ಬಾಡಿಗೆಗೆ ಪಡೆದು, ಒಂದೊಂದರಲ್ಲಿ 50 ಗುಂಡು ಹೊಡೆದು ನೋಡಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ರೇಂಜಿನಿಂದ ದೂರವಿರಲಿ. ಗಾಳಿಯಲ್ಲಿ ಸೀಸದ ಪುಡಿ ಇರುತ್ತದೆ. ಉಳಿದವರೂ ಹೊರಬಂದ ಕೂಡಲೇ ತಣ್ಣೀರು, ಸೋಪಿನಲ್ಲಿ ಕೈ ಮುಖ ತೊಳೆದೇ ತಿಂಡಿ ಮುಟ್ಟಬೇಕು, ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು.

ಗ್ಲಾಕ್ ಕೊಂಡರೆ ಒಂದು ಎಚ್ಚರ. ಅದನ್ನು ಬಿಚ್ಚುವ ಮೊದಲು ಟ್ರಿಗರ್ ಎಳೆಯಲೇಬೇಕು. ಮ್ಯಾಗಜಿನ್ ತೆಗೆದರೂ ಚೇಂಬರ್‌ನಲ್ಲಿ (ನಳಿಕೆಯ ಹಿಂಬದಿ, ಕಾಡತೂಸು ಕೂರುವ ಗೂಡು) ಒಂದು ಗುಂಡು ಉಳಿದಿರಬಹುದು, ಒರೆಸಲು ಕುಳಿತವರು ಅದನ್ನು ಮರೆತು ಎಳೆಯುತ್ತಾರೆ. ಕ್ರಮ ಯಾವಾಗಲೂ ಒಂದೇ: ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಮೂರು ಸಲ ಎಳೆದು ಹಿಂದಕ್ಕೆ ಸಿಕ್ಕಿಸಿ, ಚೇಂಬರ್‌ಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಈ ಕ್ರಮ ಹಿಂದುಮುಂದಾದರೆ ಮ್ಯಾಗಜಿನ್‌ನಿಂದ ಹೊಸ ಗುಂಡು ಚೇಂಬರಿಗೆ ಏರುತ್ತದೆ. ಕಾಡತೂಸುಗಳು ಆ ಕೋಣೆಯಲ್ಲೇ ಇರಬಾರದು.

ಗುಂಡಿನ ವಿಷಯದಲ್ಲಿ, 9 ಎಂಎಂ ಸಾಲದು, ಅದಕ್ಕಿಂತ ದೊಡ್ಡದೇ ಬೇಕು ಎಂಬ ಮಾತು ಹೇಗೆ ಬಲವಾಯಿತು ಎಂಬುದನ್ನು ತಿಳಿಯಬೇಕು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ಹಿಡಿಯಲು ಹೋದ ಎಫ್‌ಬಿಐ ತಂಡದಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಆ ದರೋಡೆಕೋರರಲ್ಲೊಬ್ಬನಿಗೆ ಮೊದಲೇ ತಗುಲಿದ 9 ಎಂಎಂ ಗುಂಡು ತೋಳನ್ನು ದಾಟಿ ಎದೆಯೊಳಗೆ ಹೊಕ್ಕು, ಹೃದಯ ತಲುಪುವ ಮುಂಚೆಯೇ ನಿಂತುಬಿಟ್ಟಿತ್ತು. ಅವನು ಅದಾದ ಮೇಲೂ ಹೊಡೆಯುತ್ತಲೇ ಇದ್ದ. 9 ಎಂಎಂ ಸಾಲದು ಎಂಬ ಮಾತು ಅಲ್ಲಿಂದ ಹಬ್ಬಿತು, ಎಫ್‌ಬಿಐ 10 ಎಂಎಂ ಕಡೆ ಹೋಯಿತು, 1990ರಲ್ಲಿ ಹೊಸ ಕಾಡತೂಸಾಗಿ .40 ಎಸ್&ಡಬ್ಲ್ಯು ಹುಟ್ಟಿತು. ಇದಕ್ಕಿಂತ ಮುಖ್ಯವಾಗಿ, ಗುಂಡನ್ನು ಅಳೆಯುವ ಒಂದು ಕ್ರಮ ಹುಟ್ಟಿತು. ಮಾಂಸಖಂಡದ ಬದಲಿಗೆ ಬಳಸುವ ಶೇ 10ರ ಜೆಲಾಟಿನ್ ಗಟ್ಟಿಗೆ ಹೊಡೆದು, ಗುಂಡು ಕನಿಷ್ಠ 12 ಇಂಚು, ಹೆಚ್ಚೆಂದರೆ 18 ಇಂಚು ಹೋಗಬೇಕು ಎಂದು ಗೊತ್ತುಮಾಡಿದರು. ದಪ್ಪ ಬಟ್ಟೆ, ಗೋಡೆ ಹಲಗೆ, ಪ್ಲೈವುಡ್, ಉಕ್ಕಿನ ತಗಡು, ಕಾರಿನ ಗಾಜು ಇವುಗಳ ಮೂಲಕವೂ ಹೊಡೆದು ನೋಡುತ್ತಾರೆ. ಈ ಪರೀಕ್ಷೆ ಗೆಲ್ಲಲೆಂದೇ ತಯಾರಕರು ಗುಂಡಿನ ವಿನ್ಯಾಸ ತಿದ್ದುತ್ತಾ ಬಂದರು, ತಾಮ್ರದ ಹೊದಿಕೆ ಸೀಸಕ್ಕೆ ಅಂಟಿ ಉಳಿಯುವಂತೆ ಮಾಡಿದರು. ಮೂವತ್ತು ವರ್ಷಗಳಲ್ಲಿ 9 ಎಂಎಂ ಗುಂಡು ಬೇರೆಯೇ ಆಯಿತು. 2014ರಲ್ಲಿ ಎಫ್‌ಬಿಐನ ತರಬೇತಿ ವಿಭಾಗವೇ ಮತ್ತೆ 9 ಎಂಎಂ ಪರವಾಗಿ ಬರೆಯಿತು, 2016ರಲ್ಲಿ ಗ್ಲಾಕ್ ಕಂಪನಿಗೆ 9 ಎಂಎಂ ಪಿಸ್ತೂಲಿನ ಗುತ್ತಿಗೆ ಹೋಯಿತು. ಹಿಂದೊದೆತ ಕಡಿಮೆ, ಗುಂಡು ಹೆಚ್ಚು ಹಿಡಿಸುತ್ತದೆ, ಅದೇ ವ್ಯಕ್ತಿ ಅದರಲ್ಲಿ ಹೆಚ್ಚು ನಿಖರವಾಗಿ ಹೊಡೆಯುತ್ತಾನೆ ಎಂಬುದೇ ಕಾರಣ. ಒಂದೇ ಗುಂಡು ಸಾಕು ಎಂಬ ಭರವಸೆಯನ್ನು ಯಾವ ಪಿಸ್ತೂಲೂ ಕೊಡಲಾರದು, .45 ಕೂಡ.

ಗಿಡ್ಡ ಕಾಡತೂಸಿನ .380 ಪಿಸ್ತೂಲುಗಳು ಆಕರ್ಷಕವಾಗಿ ಕಾಣುತ್ತವೆ, ಆದರೆ ಅದರ ಹಾಲೋ ಪಾಯಿಂಟ್ ಗುಂಡು ಅರಳಿದರೆ 12 ಇಂಚು ತಲುಪುವುದಿಲ್ಲ, ತಲುಪಿದರೆ ಅರಳಿರುವುದಿಲ್ಲ, ಹೆಚ್ಚಿನ ಸಲ ಹೀಗೇ. .22 ಅಭ್ಯಾಸಕ್ಕೆ ಚೆನ್ನ. ಅಂಚಿನಲ್ಲಿ ಮದ್ದು ಹಚ್ಚುವ ಅದರ ಕಾಡತೂಸು ಹೊತ್ತದೇ ಹೋಗುವುದು ಉಳಿದವಕ್ಕಿಂತ ಹೆಚ್ಚು.

ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. 124 ಗ್ರೇನ್ ಎಂದರೆ ಸುಮಾರು 8 ಗ್ರಾಂ, 147 ಎಂದರೆ 9.5 ಗ್ರಾಂ. 124ರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್, 147ರದ್ದು ಸುಮಾರು 300. 147 ಶಬ್ದದ ವೇಗಕ್ಕಿಂತ ಕೆಳಗಿರುವುದರಿಂದ ಸಿಡಿತ ಸ್ವಲ್ಪ ಮೆದು, ಕೈಗೆ ಒದೆತ ಬರುವುದೂ ನಿಧಾನ. ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್ ಇವೆರಡರಲ್ಲಿ ಯಾವುದು ಸಿಕ್ಕಿದರೂ ಸರಿ. ಹಾರ್ನಡಿ ಕ್ರಿಟಿಕಲ್ ಡ್ಯೂಟಿ ಕೂಡ ಒಳ್ಳೆಯದೇ, ಆದರೆ ಅದು ಕಾರಿನ ಗಾಜು, ತಗಡು ದಾಟುವುದಕ್ಕೆ ಒತ್ತು ಕೊಟ್ಟು ಮಾಡಿದ್ದು, ಮನೆಗೆ ಅಗತ್ಯವಿಲ್ಲ. 20ರ ಡಬ್ಬಿಗಿಂತ ಪೊಲೀಸರಿಗೆಂದು ಬರುವ 50ರ ಡಬ್ಬಿ ಅಗ್ಗ ಬೀಳುತ್ತದೆ, ಸಾಮಾನ್ಯರೂ ಕೊಳ್ಳಬಹುದು. ಪ್ಲಸ್ ಪಿ ಎಂದು ಬರೆದಿದ್ದರೆ ಒತ್ತಡ ಹೆಚ್ಚು: ಸಾಮಾನ್ಯ 9 ಎಂಎಂಗೆ ಮಿತಿ 35,000 ಪಿಎಸ್‌ಐ, ಪ್ಲಸ್ ಪಿಗೆ 38,500. ಹೊಸಬರಿಗೆ ಅದು ಬೇಡ.

ಅಭ್ಯಾಸಕ್ಕೆ 115 ಅಥವಾ 124 ಗ್ರೇನ್‌ನ ಪೂರ್ತಿ ಹೊದಿಕೆಯ ದುಂಡು ಮೂತಿಯ ಗುಂಡು ಸಾಕು. ಅದೇ ಗುಂಡನ್ನು ಮನೆಯ ರಕ್ಷಣೆಗೂ ಹಾಕಿಡಬೇಡಿ. ಅದು ಅರಳುವುದಿಲ್ಲ, ಜೆಲಾಟಿನ್‌ನಲ್ಲಿ 24 ಇಂಚಿಗೂ ಮೀರಿ ಹೋಗುತ್ತದೆ, ಅಂದರೆ ತಗುಲಿದ ವ್ಯಕ್ತಿಯನ್ನು ದಾಟಿ ಹಿಂದಿದ್ದವರಿಗೂ ತಾಗಬಹುದು.

ಈಗ ಗೋಡೆಯ ಪ್ರಶ್ನೆ. ಇಟ್ಟಿಗೆ, ಕಲ್ಲು, ಕಾಂಕ್ರೀಟಿನ ಮನೆಯಲ್ಲಿ ಬೆಳೆದವರಿಗೆ ಗೋಡೆ ಎಂದರೆ ಅಡ್ಡ ನಿಲ್ಲುವಂಥದ್ದು. ನಿಮ್ಮ ಟೆಕ್ಸಸ್ ಮನೆಯ ಒಳಗೋಡೆ ಅದಲ್ಲ. ಮರದ ಚೌಕಟ್ಟು, ಅದರ ಎರಡು ಬದಿಗೆ ಅರ್ಧ ಇಂಚಿನ ಜಿಪ್ಸಮ್ ಹಲಗೆ, ನಡುವೆ ಬರೀ ಗಾಳಿ. ಎಫ್‌ಬಿಐ ಪರೀಕ್ಷೆಯಲ್ಲಿ ಇಂಥದ್ದೇ ಎರಡು ಹಲಗೆಗಳನ್ನು ಮೂರೂವರೆ ಇಂಚು ಅಂತರದಲ್ಲಿ ನಿಲ್ಲಿಸಿ, ಅವನ್ನು ದಾಟಿದ ಮೇಲೂ ಗುಂಡು 12 ಇಂಚು ಹೋಗುತ್ತದೆಯೇ ಎಂದು ನೋಡುತ್ತಾರೆ. ಒಳ್ಳೆಯ ಗುಂಡು ಎಂಬ ಮಾನದಂಡದಲ್ಲೇ ಗೋಡೆ ದಾಟುವುದು ಸೇರಿಕೊಂಡಿದೆ. ಹಾಲೋ ಪಾಯಿಂಟ್ ಆದರೆ ಗೋಡೆಯಲ್ಲಿ ಪುಡಿಯಾಗುತ್ತದೆ ಎಂಬುದು ತಪ್ಪು. ಅದರ ಮೂತಿಯ ಕುಳಿಗೆ ಜಿಪ್ಸಮ್ ತುಂಬಿಕೊಂಡರೆ ಅರಳುವ ಗುಣವೇ ಹೋಗಿ, ಅಭ್ಯಾಸದ ಗುಂಡಿನ ಹಾಗೆ ಮುಂದಿನ ಕೋಣೆಗಳಿಗೂ ನುಗ್ಗಬಹುದು. ಪುಡಿಯಾಗುವಂತೆಯೇ ಮಾಡಿದ ವಿಶೇಷ ಗುಂಡುಗಳು ಮಾರುಕಟ್ಟೆಯಲ್ಲಿವೆ, ಆದರೆ ಅವು 12 ಇಂಚು ತಲುಪುವುದಿಲ್ಲ, ದುಬಾರಿಯಾದ್ದರಿಂದ ಯಾರೂ ಅವುಗಳಲ್ಲಿ ಅಭ್ಯಾಸವನ್ನೂ ಮಾಡುವುದಿಲ್ಲ.

ಹಾಗಾದರೆ ದಾರಿ? ಗುಂಡನ್ನು ಬದಲಿಸಲಾಗದಿದ್ದರೂ ನೀವು ನಿಲ್ಲುವ ಜಾಗವನ್ನು ಬದಲಿಸಬಹುದು. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಮಕ್ಕಳ ಹಾಸಿಗೆ, ಅಪ್ಪ ಅಮ್ಮ ಮಲಗುವ ಕೋಣೆ, ಪಕ್ಕದ ಮನೆಯ ಕಿಟಕಿ ಗುರುತು ಮಾಡಿ. ನಿಮ್ಮ ಕೋಣೆಯ ಬಾಗಿಲಿನಿಂದ ಮೆಟ್ಟಿಲ ತುದಿಗೆ ಗೆರೆ ಎಳೆದು ಮುಂದುವರಿಸಿ, ಅದು ಯಾರ ಹಾಸಿಗೆಯನ್ನು ದಾಟುತ್ತದೆ ನೋಡಿ. ಎದುರುಬದುರು ಮಲಗುವ ಕೋಣೆಗಳಿರುವ ಮನೆಯಲ್ಲಿ ಈ ಗೆರೆ ಬಹುಪಾಲು ಮಗುವಿನ ಕೋಣೆಗೇ ಹೋಗುತ್ತದೆ. ಆಗ ಮಾಡಬೇಕಾದ್ದು, ಒಬ್ಬರು ಮೊದಲು ಮಕ್ಕಳ ಕೋಣೆಗೆ ಹೋಗಿ ಅಲ್ಲೇ ಎಲ್ಲರೂ ಸೇರುವುದು, ಅಲ್ಲಿಂದ ನೋಡಿದಾಗ ಹಿಂದೆ ಮನೆಯವರು ಯಾರೂ ಇಲ್ಲದಂತೆ ನಿಲ್ಲುವುದು. ಮೆಟ್ಟಿಲ ಮೇಲಿನಿಂದ ಕೆಳಕ್ಕೆ ಇಟ್ಟ ಗುರಿ ಕೆಳಗಿನ ಕಾಂಕ್ರೀಟ್ ನೆಲದಲ್ಲಿ ಮುಗಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಇಟ್ಟ ಗುರಿ ಹಾಸಿಗೆಗಳಿರುವ ಮಹಡಿಯಲ್ಲಿ.

ನಿಮ್ಮ ಪತ್ರದಲ್ಲಿ ಹೆಚ್ಚು ಆತಂಕ ತರುವ ವಾಕ್ಯ ಅಪ್ಪ ಅಮ್ಮ ಬರುತ್ತಾರೆ ಎಂಬುದು. ಊರಿಂದ ಬಂದ ಮೊದಲ ವಾರ ಅವರಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮಕ್ಕಳು ಏಳದಿರಲಿ ಎಂದು ದೀಪ ಹಾಕದೆಯೇ ಅಡುಗೆಮನೆಗೆ ಇಳಿದು ಕಾಫಿಗೆ ನೀರಿಡುತ್ತಾರೆ. ಗಾಳಿ ಬೇಕೆಂದು ಹಿತ್ತಲ ಬಾಗಿಲು ತೆಗೆಯುತ್ತಾರೆ. ನಿದ್ದೆಗಣ್ಣಿನಲ್ಲಿ ಆ ಸದ್ದು ಕೇಳಿದವರಿಗೆ ಅದು ಕಳ್ಳನ ಸದ್ದೇ. ಹೊಸ್ತಿಲು, ಮೆಟ್ಟಿಲು, ಅಡುಗೆಮನೆಯಲ್ಲಿ ಓಡಾಟಕ್ಕೆ ತಾನೇ ಹೊತ್ತಿಕೊಳ್ಳುವ ದೀಪ ಹಾಕಿಸಿ. ಅವರಿದ್ದಷ್ಟು ದಿನ ಏನು ಸದ್ದಾದರೂ ಮೊದಲ ಕೆಲಸ ಜೋರಾಗಿ ಕನ್ನಡದಲ್ಲಿ ಕೂಗಿ ಕೇಳುವುದು. ಯಾರೆಂದು ಮುಖ ಕಾಣುವವರೆಗೆ ಬೆರಳು ಟ್ರಿಗರ್‌ಗೆ ಹೋಗಬಾರದು. ಪಿಸ್ತೂಲಿನ ಕೆಳಗೆ ಕಟ್ಟುವ ದೀಪ, ಸ್ಟ್ರೀಮ್‌ಲೈಟ್ ಟಿಎಲ್‌ಆರ್-7 ಥರದ್ದು, ಇದ್ದರೆ ಒಳ್ಳೆಯದು. ಆದರೆ ಅದರಿಂದ ನೋಡಬೇಕಾದರೆ ಮೂತಿಯನ್ನೂ ಅತ್ತಲೇ ತಿರುಗಿಸಬೇಕು. ಆದ್ದರಿಂದ ಕೈಯಲ್ಲಿ ಹಿಡಿಯುವ ಟಾರ್ಚ್ ಪೆಟ್ಟಿಗೆಯ ಪಕ್ಕದಲ್ಲೇ ಬೇರೆಯಾಗಿ ಇರಲೇಬೇಕು, ಹುಡುಕುವುದಕ್ಕೆ ಅದನ್ನೇ ಬಳಸಬೇಕು.

ಪೆಟ್ಟಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಂಗಡಿಯಲ್ಲಿ ಪಿಸ್ತೂಲಿನೊಂದಿಗೆ ಕೊಡುವ ತಂತಿಯ ಬೀಗ ಕಾನೂನಿನ ಮಟ್ಟಿಗೆ ಸರಿ. ರಾತ್ರಿ ಬಳಕೆಗೆ ನಿಧಾನ, ಆದ್ದರಿಂದ ಜನ ಅದನ್ನು ಬಿಚ್ಚಿ ಮಂಚದ ಡ್ರಾದಲ್ಲಿ ಇಟ್ಟುಬಿಡುತ್ತಾರೆ. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ತುಂಬಿದ ಆಯುಧ ಸಿಗುವಂತೆ ಅಜಾಗರೂಕತೆಯಿಂದ ಇಡುವುದು ಅಪರಾಧ. ನಿಮಗೆ ಬೇಕಾದದ್ದು ಕತ್ತಲಲ್ಲೂ ಎರಡು ಮೂರು ಸೆಕೆಂಡಿನಲ್ಲಿ ತೆರೆಯುವ ಚಿಕ್ಕ ಉಕ್ಕಿನ ಪೆಟ್ಟಿಗೆ. ಬೆರಳಚ್ಚಿನ ಪೆಟ್ಟಿಗೆಗಳಲ್ಲಿ ಎರಡು ತೊಂದರೆ. ಬೆವರಿದ ಬೆರಳಿಗೆ ತೆರೆಯುವುದಿಲ್ಲ. ಇನ್ನೂ ಕೆಟ್ಟದ್ದು, ಕೆಲವು ಮಾದರಿಗಳು ಬೆರಳಚ್ಚು ದಾಖಲಿಸುವ ಮುಂಚೆ ಯಾರ ಬೆರಳಿಗಾದರೂ ತೆರೆದುಕೊಳ್ಳುತ್ತಿದ್ದವು. 12 ವರ್ಷದ ಹುಡುಗನೊಬ್ಬನ ಸಾವಿನ ಬಳಿಕ, 2023ರಲ್ಲಿ ಅಂಥ ಸುಮಾರು 61,000 ಪೆಟ್ಟಿಗೆಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡರು. ಬ್ಯಾಟರಿ ಬೇಡದ, ಐದು ಗುಂಡಿ ಒತ್ತುವ ಯಾಂತ್ರಿಕ ಬೀಗದ ಪೆಟ್ಟಿಗೆ ಆರಿಸಿ. ಕೊಂಡ ದಿನವೇ ಕಾರ್ಖಾನೆಯ ಸಂಖ್ಯೆ ಬದಲಿಸಿ, ಹುಟ್ಟಿದ ದಿನ, ಮನೆ ನಂಬರ್ ಬೇಡ. 11 ವರ್ಷದ ಮಗು ನಿಮ್ಮ ಬೆರಳಿನ ಚಲನೆ ನೋಡಿಯೇ ಕಲಿತುಕೊಳ್ಳುತ್ತದೆ, ಅದರ ಎದುರು ತೆರೆಯಬೇಡಿ. ಹೊಸದಾಗಿ ಕಲಿಯುವ ಮೊದಲ ಆರು ತಿಂಗಳು ಚೇಂಬರ್ ಖಾಲಿ ಇರಲಿ, ತುಂಬಿದ ಮ್ಯಾಗಜಿನ್ ಒಳಗಿರಲಿ. ಮ್ಯಾಗಜಿನ್ ವರ್ಷಗಟ್ಟಲೆ ತುಂಬಿದ್ದರೆ ಸ್ಪ್ರಿಂಗ್ ಹಾಳಾಗುತ್ತದೆ ಎಂಬುದು ನಿಜವಲ್ಲ. ತುಂಬಿ ಖಾಲಿ ಮಾಡುತ್ತಿದ್ದರೆ ಸವೆಯುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಕೆಲಸ ಹೋಗಿ ಕಂಗೆಟ್ಟಿದ್ದರೆ, ಹದಿಹರೆಯದ ಮಗು ಒಳಗೊಳಗೇ ಕೊರಗುತ್ತಿದ್ದರೆ ಪಿಸ್ತೂಲನ್ನು ಮನೆಗೆ ತರಬೇಡಿ. ತಂದಾಗಿದ್ದರೆ ಆ ದಿನಗಳು ಕಳೆಯುವವರೆಗೆ ಹೊರಗೆ ಇಡಿಸಿ; ಕೆಲವು ಅಂಗಡಿ, ರೇಂಜುಗಳು ಇಟ್ಟುಕೊಳ್ಳುತ್ತವೆ. ಆತ್ಮಹತ್ಯೆ ತಡೆಯ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು.

ಮೊದಲ ವರ್ಷಕ್ಕೆ 500 ಅಭ್ಯಾಸದ ಗುಂಡು, 100 ರಕ್ಷಣೆಯ ಗುಂಡು ಲೆಕ್ಕ ಹಾಕಿ. ಪಿಸ್ತೂಲನ್ನು ಪೆಟ್ಟಿಗೆಗೆ ಸೇರಿಸುವ ಮುಂಚೆ 200 ಅಭ್ಯಾಸದ ಗುಂಡು, ಆಮೇಲೆ ನೀವು ಇಡಲಿರುವ ಮ್ಯಾಗಜಿನ್‌ಗಳಲ್ಲೇ 50 ರಕ್ಷಣೆಯ ಗುಂಡು ಒಂದೂ ಸಿಕ್ಕಿಕೊಳ್ಳದೆ ಹಾದುಹೋಗಬೇಕು. ಮ್ಯಾಗಜಿನ್‌ಗಳಿಗೆ 1, 2, 3 ಎಂದು ಬಣ್ಣದಲ್ಲಿ ಬರೆಯಿರಿ. ತೊಂದರೆ ಬಂದಾಗ ಎಷ್ಟೋ ಸಲ ತಪ್ಪು ಪಿಸ್ತೂಲಿನದಲ್ಲ, ಒಂದೇ ಮ್ಯಾಗಜಿನ್‌ನದು. ಹೊಡೆದ ಕಾಡತೂಸಿನ ಖಾಲಿ ಕೋಶ ಹೊರಬೀಳದೆ ಸ್ಲೈಡ್‌ನ ಬಾಯಲ್ಲಿ ನಿಂತರೆ ಹೆಚ್ಚಾಗಿ ಮುಂಗೈ ಸಡಿಲ ಬಿಟ್ಟದ್ದೇ ಕಾರಣ. ಆಗ ಬೆರಳು ಹೊರಗೆ, ಮ್ಯಾಗಜಿನ್ ಬುಡಕ್ಕೆ ಒಂದು ಏಟು, ಸ್ಲೈಡ್ ಒಮ್ಮೆ ಪೂರ್ತಿ ಎಳೆದು ಬಿಡಿ. ಎರಡು ಕಾಡತೂಸು ಒಟ್ಟಿಗೆ ನುಗ್ಗಿದ್ದರೆ ಇದು ಸಾಲದು. ಸ್ಲೈಡ್ ಹಿಂದಕ್ಕೆ ಸಿಕ್ಕಿಸಿ, ಮ್ಯಾಗಜಿನ್ ಕಿತ್ತು, ಮೂರು ಸಲ ಎಳೆದು, ಮತ್ತೆ ತುಂಬಬೇಕು. ರೇಂಜಿನಲ್ಲಿ ಕಿವಿಗೆ ಒಳಗೆ ಬೆಣೆ, ಮೇಲೆ ಮುಚ್ಚಳ ಎರಡೂ ಇರಲಿ, 9 ಎಂಎಂ ಸಿಡಿತ ಸುಮಾರು 160 ಡೆಸಿಬೆಲ್. 7 ಗಜ ದೂರದಲ್ಲಿ 8 ಇಂಚಿನ ವೃತ್ತದೊಳಗೆ ಐದಕ್ಕೆ ಐದು ಬೀಳುವವರೆಗೆ ವೇಗದ ಯೋಚನೆ ಬೇಡ.

ಒಂದೇ ಕಾಡತೂಸನ್ನು ಪದೇ ಪದೇ ಚೇಂಬರ್‌ಗೆ ಹಾಕಿ ತೆಗೆಯುತ್ತಿದ್ದರೆ ಅದರ ಗುಂಡು ಕೋಶದೊಳಕ್ಕೆ ಕುಸಿಯುತ್ತದೆ, ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಡಬ್ಬಿಯ ಹೊಸ ಕಾಡತೂಸಿನ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡವಾಗಿ ಕಂಡರೆ ಬಳಸಬೇಡಿ, ರೇಂಜಿನವರಿಗೆ ಕೊಟ್ಟುಬಿಡಿ. ವರ್ಷಕ್ಕೊಮ್ಮೆ ರಕ್ಷಣೆಯ ಗುಂಡುಗಳನ್ನೆಲ್ಲ ರೇಂಜಿನಲ್ಲಿ ಹೊಡೆದು ಮುಗಿಸಿ ಹೊಸದು ತುಂಬಿ. ಕಾಡತೂಸಿಗೆ ಎಣ್ಣೆ ತಾಗಬಾರದು, ಮದ್ದಿನ ಗುಂಡಿಯೊಳಗೆ ಇಳಿದರೆ ಹೊತ್ತುವುದಿಲ್ಲ.

ಬೀದಿಯ ಕಳವಿಗೆ ಬರೋಣ. ಇಂಥ ಕಳ್ಳರು ಬಹುಪಾಲು ಬರುವುದು ಮನೆಯಲ್ಲಿ ಯಾರೂ ಇಲ್ಲದಾಗ, ಭಾರತೀಯರ ಮನೆಯಲ್ಲಾದರೆ ಚಿನ್ನಕ್ಕಾಗಿ. ಅದಕ್ಕೆ ಪಿಸ್ತೂಲು ಉತ್ತರವಲ್ಲ, ಅದೇ ಕಳವಾದೀತು. ಒಡವೆ ಬ್ಯಾಂಕಿನ ಲಾಕರಿಗೆ ಹೋಗಲಿ. ಬಾಗಿಲಿನ ಬೀಗದ ನಾಲಿಗೆ ಕೂರುವ ತಗಡನ್ನು ಬಿಚ್ಚಿ ನೋಡಿ. ಮುಕ್ಕಾಲು ಇಂಚಿನ ಸ್ಕ್ರೂ ಇದ್ದರೆ 3 ಇಂಚಿನವನ್ನು ಹಾಕಿ ಒಳಗಿನ ಮರದ ಕಂಬಕ್ಕೆ ಬಿಗಿಯಿರಿ. ಒಂದು ಒದೆತಕ್ಕೆ ಒಡೆಯುತ್ತಿದ್ದ ಬಾಗಿಲು ಹಲವು ಒದೆತ ತಡೆಯುತ್ತದೆ. ಆ ಸದ್ದಿಗೆ ನೀವು ಎದ್ದು ಮಕ್ಕಳನ್ನು ಸೇರಿಸಿಕೊಳ್ಳಲು ಸಮಯ ಸಿಗುತ್ತದೆ.

ರಾತ್ರಿ ಯಾರಾದರೂ ನುಗ್ಗಿದರೆ ಹುಡುಕಿಕೊಂಡು ಕೆಳಗಿಳಿಯಬೇಡಿ. ಎಲ್ಲರೂ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿ, ಒಬ್ಬರು 911ರೊಂದಿಗೆ ಮಾತಿನಲ್ಲಿ. ವಿಳಾಸ, ನೀವು ಯಾವ ಕೋಣೆಯಲ್ಲಿದ್ದೀರಿ, ಎಷ್ಟು ಜನ, ಯಾವ ಬಟ್ಟೆ, ಕೈಯಲ್ಲಿ ಆಯುಧ ಇದೆ ಎಂಬುದನ್ನು ಹೇಳಿ. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದಾರೆ ಎಂಬುದನ್ನೂ ಹೇಳಿ. ಕದ್ದು ಓಡುವವನ ಹಿಂದೆ ಹೋಗಬೇಡಿ. ಪೊಲೀಸರು ಒಳಬರುವಾಗ ಪಿಸ್ತೂಲು ಕೈಯಲ್ಲಿರಲೇಬಾರದು. ಅವರಿಗೆ ಮನೆಯೊಡೆಯ ಯಾರು, ಕಳ್ಳ ಯಾರು ಗೊತ್ತಿರುವುದಿಲ್ಲ, ಆಯುಧ ಹಿಡಿದ ವ್ಯಕ್ತಿ ಮಾತ್ರ ಕಾಣುತ್ತಾನೆ. ಪೆಟ್ಟಿಗೆಯೊಳಗೆ ಹಾಕಿ, ಖಾಲಿ ಕೈ ತೋರಿಸಿ, ಹೇಳಿದಂತೆ ಮಾಡಿ.

ಊರಿಗೆ ಹೋಗುವಾಗಿನ ಮಾತೊಂದು ಉಳಿದಿದೆ. ರೇಂಜಿಗೆ ಒಯ್ಯುವ ಬ್ಯಾಗಿನ ಹೊಲಿಗೆಯ ಸಂದಿಯಲ್ಲಿ ಒಂದು ಕಾಡತೂಸು ಉಳಿದು, ಅದೇ ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ವಿಮಾನ ಹತ್ತಿದವರು ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಪ್ರಕರಣಗಳು ಬೇಕಾದಷ್ಟಿವೆ. ಪರವಾನಗಿ ಇಲ್ಲದೆ ಒಂದೇ ಒಂದು ಕಾಡತೂಸು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು. ಗೊತ್ತಿಲ್ಲದೆ ಉಳಿದದ್ದು ಎಂದು ಕೊನೆಗೆ ಬಿಡಿಸಿಕೊಂಡರೂ ಅಷ್ಟರಲ್ಲಿ ರಜೆ ಠಾಣೆ, ಕೋರ್ಟುಗಳಲ್ಲೇ ಕಳೆದಿರುತ್ತದೆ. ರೇಂಜಿಗೆ ಬೇರೆಯೇ ಬ್ಯಾಗ್ ಇಟ್ಟುಕೊಳ್ಳಿ, ಅದನ್ನು ಪ್ರಯಾಣಕ್ಕೆ ಬಳಸಲೇಬೇಡಿ, ರೇಂಜಿಗೆ ಹಾಕಿಕೊಂಡು ಹೋದ ಜಾಕೆಟ್ಟಿನ ಜೇಬುಗಳನ್ನೂ ತಡಕಿ ನೋಡಿ.